ಟ್ರಾನ್ಸ್‌ಫರ್ ಕೇಸಿಗೆ ಅತ್ತೆ ಹಚ್ಚಿದ ಭಂಡಾರ

ನಮ್ಮ ಅತ್ತೆ ಸಾವಂತ್ರವ್ವ ಕುರಿ ಕಾಯುತ್ತ ಬೆಳೆದವರು. ಹಿಂಡಿನಲ್ಲಿ ಯಾವ ಕುರಿ ಕುಂಟುತ್ತಿದೆ ಎಂದು ತಿರುಗಿ ನೋಡದೆ, ಹೆಜ್ಜೆಯ ಸಪ್ಪಳದಲ್ಲೇ ಹೇಳುತ್ತಿದ್ದರಂತೆ. ಈಗ ಪೀರನವಾಡಿಯ ನಮ್ಮ ಅಂಗಳದಲ್ಲಿ ಕುರಿಗಳಿಲ್ಲ, ಮಗನ ಪಿಕಪ್ ಇದೆ. ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿ. ನಾಲ್ಕೂ ಗಾಲಿಗೆ ಎಳೆತ ಉಳ್ಳದ್ದು. ಅತ್ತೆ ಬೆಳಿಗ್ಗೆ ಅದರ ಮೂತಿ ಮುಟ್ಟಿ ನಮಸ್ಕರಿಸಿದ ಮೇಲೆಯೇ ಚಹಾ ಕುಡಿಯುವುದು.

ಎರಡು ಸಾವಿರನೇ ಇಸವಿಯ ಜೂನ್. ನನ್ನ ಪೂನಮಳಿಗೆ ಹತ್ತು ತಿಂಗಳು. ನಾದಿನಿ ಪ್ರಮಿಳಾ ತುಂಬಿದ ಬಸುರಿ, ನಂದಗಡದಾಚೆ ಕಾಡಂಚಿನ ಗಂಡನ ಊರಲ್ಲಿದ್ದಳು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಕೂಸು ಅಡ್ಡ ಮಲಗಿದೆ, ನೋವು ಶುರುವಾಗುವ ಮೊದಲೇ, ಗುರುವಾರದೊಳಗೆ ತನ್ನಿ, ಆಪರೇಶನ್ ಮಾಡಲೇಬೇಕು ಎಂದು ಬೆಳಗಾವಿಯ ಡಾಕ್ಟರ್ ಹೇಳಿದ್ದರು. ಮಳೆ ಹಿಡಿದು ಆ ಊರಿನ ಬಸ್ಸು ನಿಂತಿತ್ತು. ಖಾನಾಪುರದ ಜೀಪಿನವರು ಆ ದಾರಿಯ ಏರಿನ ಹೆಸರೆತ್ತಿದರೆ ಕೈಮುಗಿಯುತ್ತಿದ್ದರು. ನಮ್ಮ ಗಾಡಿಯೊಂದೇ ಆ ಕೆಸರು ಹತ್ತುತ್ತಿದ್ದದ್ದು. ಸೋಮವಾರ ಬರುತ್ತೇವೆಂದು ಹೇಳಿ ಕಳಿಸಿದ್ದೆವು.

ರವಿವಾರ ಸಂತೆಗೆ ಆಲೂಗಡ್ಡೆ ಇಳಿಸಿ ಬರುವಾಗ ಗಾಡಿ ಹೊಟ್ಟೆಯೊಳಗಿಂದ ಕರಕರ ಎಂದಿತು. ಮನೆಯ ಮುಂದೆ ಬಂದು ನಿಂತದ್ದು ಮತ್ತೆ ಕದಲಲಿಲ್ಲ. ಎಂಜಿನ್ ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ಇವರು ಅಡಿಯಲ್ಲಿ ನುಸುಳಿ ನೋಡಿ ಬಂದು ಕಟ್ಟೆಯ ಮೇಲೆ ಕೂತರು. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚುವ ಕಬ್ಬಿಣದ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಅದರೊಳಗಿನ ಹಲ್ಲುಗಳು ಮುರಿದಿದ್ದವು. ಗ್ಯಾರೇಜಿನವರು ಎಂಟು ದಿನ ಕೇಳಿದರು.

"ಎಂಟು ದಿನಾ? ನಾನಽ ಬಿಚ್ಚತೀನಿ," ಅಂದರು ಇವರು.

ಸೋಮವಾರ ಖಾಸಬಾಗದ ಹಳೆ ಸಾಮಾನಿನ ಅಂಗಡಿಯಿಂದ ಅಂಥದೇ ಒಂದು ಪೆಟ್ಟಿಗೆ ಬಂತು. ಮೇಲಿನ ಬಾಯಿಗೆ ಎಣ್ಣೆ ಬಟ್ಟೆ ತುರುಕಿದ್ದರು. ಅದನ್ನು ಅಂಗಳದಲ್ಲಿಟ್ಟು ಇವರು ಪ್ಯಾಕಿಂಗು, ಗೇರ್ ಎಣ್ಣೆ ತರಲು ಹೋದರು. ನಾನು ಒಳಗೆ ಪೂನಮಳಿಗೆ ಹಾಲೂಡಿಸುತ್ತಿದ್ದೆ. ಇವರು ತಿರುಗಿ ಬಂದಾಗ ಪೆಟ್ಟಿಗೆಯ ಮೈಯೆಲ್ಲ ಒದ್ದೆ, ಮೇಲೆ ಮಾಯಕ್ಕ ದೇವಿಯ ಭಂಡಾರ. ಆ ಹಳದಿ ಪುಡಿ ಹಚ್ಚದೆ ನಮ್ಮ ಮನೆಯಲ್ಲಿ ಹೊಸ ಕೊಡಪಾನವನ್ನೂ ಬಳಸುವುದಿಲ್ಲ. ಒದ್ದೆ ಮಳೆಯದೆಂದುಕೊಂಡೆವು.

ಮಂಗಳವಾರ ಇಡೀ ದಿನ ಅದೇ ಕೆಲಸ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕಿನ ಮೇಲೆ ರೊಟ್ಟಿ ಮಣೆಯಿಟ್ಟು, ಹಳೆಯದನ್ನು ಅದರ ಮೇಲೆ ಇಳಿಸಿಕೊಂಡೆವು. ಹೊಸದನ್ನು ಏರಿಸುವಾಗ ನಾನೇ ಜಾಕಿನ ದಂಡ ತಿರುವಿದೆ. ಇವರು ಕೆಸರಲ್ಲಿ ಅಂಗಾತ ಮಲಗಿ, "ಇನ್ನಷ್ಟ... ಇನ್ನಷ್ಟ... ಸಾಕ, ಸಾಕಂದ್ರ!" ಎಂದು ಕೂಗುತ್ತಿದ್ದರು. ನೆರೆಮನೆಯ ಕರೆಪ್ಪ ಕಾಕಾ ಕೊಡೆ ಹಿಡಿದು ನಿಂತು, "ಬಾಳೇಶ, ಹೇಂತೀನ ಗ್ಯಾರೇಜಿಗೆ ಇಟ್ಟಬಿಡು, ನೀ ರೊಟ್ಟಿ ಬಡಿ," ಎಂದ. ನನಗೆ ನಗು ಬರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಪ್ರಮಿಳಾ ಬಾಗಿಲಲ್ಲಿ ಗಂಟು ಕಟ್ಟಿಕೊಂಡು ಕೂತಿರುತ್ತಾಳೆ ಎಂಬುದೊಂದೇ ತಲೆಯಲ್ಲಿ.

ಬುಧವಾರ ಗಾಡಿ ಚಾಲೂ ಮಾಡಿದರು. ಹಿಂದಿನ ಗಾಲಿ ತಿರುಗಿದವು. ಮುಂದಿನ ಗಾಲಿಗೆ ಎಳೆತ ಕೊಡುವ ಲಿವರ್ ಮಾತ್ರ ಮಿಸುಕಲಿಲ್ಲ. ಕಾಲು ಕೊಟ್ಟು ಜಗ್ಗಿದರು, ಇಲ್ಲ. ಅನುಮಾನ ಬಂದು ಅಡಿಯ ಬಿರಡೆ ಬಿಚ್ಚಿದರೆ, ಬೋಗುಣಿಗೆ ಬಿದ್ದದ್ದು ಎಣ್ಣೆಯಲ್ಲ, ಅರಿಷಿಣ ಕದಡಿದ ಮಜ್ಜಿಗೆಯಂಥದ್ದು.

"ಒಳಗ ನೀರ ಹೆಂಗ ಹೋತು?"

ನಾನು ಅತ್ತೆಯ ಮುಖ ನೋಡಿದೆ. ಮಳೆ ಅಂತ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: "ನಾ ಹಾಕೇನಿ. ಬಾಯಾಗಿನ ಅರಬಿ ತಗದು ಮೂರು ತಂಬಗಿ ನೀರ."

"ಯವ್ವಾ! ಯಾಕಬೇ?"

"ಯಾರ ಗಾಡೀದೋ, ಯಾರ ಸಾವು ಕಂಡೈತೋ. ನನ್ನ ಮಗಳು ಕುಂದ್ರೂ ಗಾಡಿಗೆ ಹಂಗಽ ಹಾಕೂದೇನು? ಹೊರಗ ತೊಳದ್ರ ಒಳಗಿನ ಮೈಲಿಗಿ ಹೋಗತೈತೇನು?"

"ಎರಡು ರಾತ್ರಿ ನೀರು ನಿಂತು ತುಕ್ಕು ಹಿಡಿದೈತಿ! ನನ್ನ ತಂಗೀನ, ಪಮ್ಮಿನ, ನೀನಽ ಕೊಂದಿ!" ಎಂದು ಇವರು ಬೋಲ್ಟು ಬಿಚ್ಚುವ ಪಾನಾ ಬೀಸಿ ಒಗೆದರು. ಪೂನಮ ಬೆಚ್ಚಿ ಅತ್ತಳು. ಅತ್ತೆ ಗೋಡೆ ಹಿಡಿದು ಕೂತರು.

ನಾನು ಸೀಮೆಎಣ್ಣೆಯ ಡಬ್ಬಿ ತಂದಿಟ್ಟೆ. "ಬೈಯೂದು ಆಮ್ಯಾಲಿರ್ಲಿ, ತೊಳೀರಿ." ಎರಡು ಸಲ ತೊಳೆದು ಹೊಸ ಎಣ್ಣೆ ಹಾಕಿದರೂ ಲಿವರ್ ಕದಲಲಿಲ್ಲ. ಮತ್ತೆ ಬಿಚ್ಚಿದರೆ ಗುರುವಾರ ಕಳೆದೇ ಹೋಗುತ್ತದೆ.

ಗುರುವಾರ ಬೆಳಕು ಹರಿಯುತ್ತಲೇ ಹಿಂದಿನ ಎರಡೇ ಗಾಲಿಯ ಎಳೆತದಲ್ಲಿ ಹೊರಟೆವು. ಮಧ್ಯದಲ್ಲಿ ನಾನು, ಮಡಿಲಲ್ಲಿ ಪೂನಮ. ಆ ಬದಿ ಅತ್ತೆ, ಈ ಬದಿ ಇವರು. ಖಾನಾಪುರ, ನಂದಗಡ ದಾಟಿದೆವು. ಡಾಂಬರು ಮುಗಿದಲ್ಲಿ ಏರು ಶುರುವಾಯಿತು. ಗಾಡಿ ಮೂರು ಮಾರು ಹತ್ತಿ ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿ ಅಡ್ಡ ತಿರುಗಿತು. ಇವರು ಸ್ಟೇರಿಂಗಿಗೆ ಹಣೆ ಬಡಿದುಕೊಂಡರು.

ಅತ್ತೆ ಬಾಗಿಲು ತೆಗೆದು ಇಳಿದರು. ಸೀರೆ ಮೇಲೆ ಕಟ್ಟಿ, ಕಂಬಳಿ ಹೆಗಲಿಗೆ ಹಾಕಿಕೊಂಡರು.

"ಎಲ್ಲಿ ಹೊಂಟ್ರಿ ಅತ್ತಿ? ಇನ್ನೂ ಹರದಾರಿ ದೂರ ಐತಿ!"

"ಕುರಿ ಹಿಂದ ಇದಕ್ಕಿಂತ ನಡದೇನಿ. ಗಾಡಿ ಬೆಳಗಾವಿ ಕಡೆ ತಿರುವಿ ನಿಲ್ಲಸ್ರಿ."

"ನಾ ಹೊಕ್ಕೇನಿ, ನೀ ಕುಂದ್ರು," ಎಂದು ಇವರೂ ಇಳಿದರು.

"ನೀ ಬಂದ್ರ ಗಾಡಿ ಕೆಸರಿಂದ ತಗಿಯೋರ್ಯಾರು?" ಎಂದವರು ಹಿಂದೆ ನೋಡಲಿಲ್ಲ.

ಇವರು ಕಲ್ಲು ಹೊತ್ತು ಹಾಕಿ ಗಾಡಿ ತಿರುವಿದರು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ನಾಲ್ಕೂವರೆ ತಾಸು ಕಾದೆವು. ಆ ತಾಸುಗಳನ್ನು ನನ್ನ ಡೈರಿಯಲ್ಲಿ ಬರೆಯಲು ಕೂತಾಗಲೆಲ್ಲ ಪೆನ್ನು ನಿಲ್ಲುತ್ತದೆ. ಮಗುವನ್ನು ಒತ್ತಿ ಹಿಡಿದು, ಬರುವುದು ಹೆಣವೋ ಬಸುರಿಯೋ ಎಂದು ತಿರುವಿನ ಕಡೆ ನೋಡುತ್ತಿದ್ದೆ.

ಕೊನೆಗೆ ತಿರುವಿನಲ್ಲಿ ಅತ್ತೆ ಕಂಡರು. ಅವರ ಹಿಂದೆ ನಾಲ್ವರು ಬಿದಿರಿಗೆ ಕಂಬಳಿಯ ಜೋಲಿ ಕಟ್ಟಿ ಹೊತ್ತಿದ್ದರು. ಅದರಲ್ಲಿ ಪ್ರಮಿಳಾ, ಒಂದು ತುದಿಗೆ ಅವಳ ಗಂಡ. ಅವಳಿಗೆ ನೋವು ದಾರಿಯಲ್ಲೇ ಶುರುವಾಗಿತ್ತು. "ವೈನಿ, ಕೂಸು ಮಿಸುಕವಲ್ದು," ಎಂದು ನನ್ನ ಮಣಿಕಟ್ಟು ಹಿಡಿದವಳು ಬೆಳಗಾವಿಯ ಆಸ್ಪತ್ರೆಯವರೆಗೂ ಬಿಡಲಿಲ್ಲ.

ಸಂಜೆ ಐದಕ್ಕೆ ಆಪರೇಶನ್ ಆಯಿತು. ಹೆಣ್ಣು ಕೂಸು. ನೀಲಿಯಾಗಿ ಬಂದು, ಬೆನ್ನು ತಟ್ಟಿದ ಮೇಲೆ ಅತ್ತಿತಂತೆ. ಉಳಿಯುತ್ತದೆ, ತಾಯಿಯೂ ಉಳಿಯುತ್ತಾಳೆ ಎಂದು ನರ್ಸ್ ಬಂದು ಹೇಳಿದರು.

ಅತ್ತೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಕಾಲ ಬೆರಳುಗಳಲ್ಲಿ ರಕ್ತ ಒಣಗಿತ್ತು. ಇವರು ಇಡ್ಲಿಯ ಪೊಟ್ಟಣ ತಂದು ಎದುರಿಗೆ ಹಿಡಿದರು. ಬುಧವಾರದ ಮೇಲೆ ತಾವಾಗಿ ತಾಯಿಯ ಹತ್ತಿರ ಬಂದದ್ದು ಅದೇ ಮೊದಲು.

"ಯವ್ವಾ, ತಿನ್ನು."

"ಪಮ್ಮಿಗೆ ಏನರ ಕೊಟ್ರೇನು?"

"ಇವತ್ತ ಅಕಿಗೆ ನೀರೂ ಕೊಡೂದಿಲ್ಲಂತ."

"ಹಂಗಾರ ನನಗೂ ಬ್ಯಾಡ."

ಇವರು ಪೊಟ್ಟಣವನ್ನು ನನ್ನ ಕೈಗಿತ್ತು, ಒಂದು ಮೆಟ್ಟಿಲು ಕೆಳಗೆ ಅವರ ಕಾಲ ಹತ್ತಿರ ಕೂತರು. ತಾವೂ ತಿನ್ನಲಿಲ್ಲ.