ಚಾಡಿಗೊಂದು ವ್ಯಾಕರಣ

ನನ್ನ ಮೇಜಿನ ಮೇಲಿರುವ ಸೀಮೆಸುಣ್ಣದ ಡಬ್ಬಿ ಮೊದಲು ಶೇಂಗಾ ಚಟ್ನಿಯ ಡಬ್ಬಿಯಾಗಿತ್ತು. ಎಷ್ಟು ತೊಳೆದರೂ ಬೆಳ್ಳುಳ್ಳಿಯ ವಾಸನೆ ಅದನ್ನು ಬಿಟ್ಟುಹೋಗದ ಕಾರಣ, ನಾನು ಕರಿಹಲಗೆಯ ಮೇಲೆ ಬರೆಯುವ ಇಂಗ್ಲಿಷಿಗೆ ಒಂದು ಬಗೆಯ ಒಗ್ಗರಣೆಯ ಘಮವಿದೆ. ಊಟದ ಬಿಡುವಿಗೆ ಮುಂಚಿನ ಪಿರಿಯಡ್ಡಿನಲ್ಲಿ ಮುಂದಿನ ಬೆಂಚಿನ ಮಕ್ಕಳು ನಾಮಪದ ಸರ್ವನಾಮಗಳನ್ನು ಎಂಥ ಆಸೆಯ ಕಣ್ಣಿನಿಂದ ನೋಡುತ್ತಾರೆಂದರೆ, ಹೊಸಬರು ಯಾರಾದರೂ ಕಂಡರೆ ವ್ಯಾಕರಣದ ಮೇಲೆ ಈ ಮಕ್ಕಳಿಗೆ ಇಷ್ಟೊಂದು ಪ್ರೀತಿಯೇ ಎಂದು ಕಣ್ಣು ಒದ್ದೆ ಮಾಡಿಕೊಂಡಾರು. ಆ ತಪ್ಪುಕಲ್ಪನೆಯನ್ನು ನಾನು ಈವರೆಗೆ ಯಾರಿಗೂ ತಿದ್ದಲು ಹೋಗಿಲ್ಲ.

ನನ್ನ ಮನೆ ಧಾರವಾಡದಲ್ಲಿ, ಶಾಲೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ. ದಿನಾ ಬಸ್ಸಿನಲ್ಲಿ ಬಂದು ಏಳನೆಯ ತರಗತಿಗೆ ಇಂಗ್ಲಿಷ್ ವಾಕ್ಯ ಕಟ್ಟುವುದನ್ನು ಕಲಿಸುತ್ತೇನೆ. ಶುದ್ಧ ಮಾತಿನ ಊರಿನವಳೆಂಬ ಸಣ್ಣ ಕೊಬ್ಬು ನನಗುಂಟು, ಗೆಳೆಯರೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಂದೆ ಹೇಳುವ ಸಂಗತಿಯಲ್ಲಿ ಅದು ತಾನಾಗಿಯೇ ಹೊರಗೆ ಬೀಳುತ್ತದೆ. ತರಗತಿಗೆ ಕಾಲಿಟ್ಟ ಕೂಡಲೇ ನನ್ನನ್ನು ಎದುರುಗೊಳ್ಳುತ್ತಿದ್ದದ್ದು ನಮಸ್ಕಾರವಲ್ಲ, ಚಾಡಿ. "ಟೀಚರ್ ರೀ, ಬಸು ನೋಡ್ರೀ, ಚೂಟ್ಯಾನ್ರೀ!" ಎಂದು ಒಂದು ಮೂಲೆ ಕೂಗಿದರೆ, "ಇಲ್ರೀ, ಸುಳ್ಳರೀ, ಆಕೀನ ಮೊದ್ಲ ಮೂಗು ತಿರವಿದ್ಲರೀ!" ಎಂದು ಇನ್ನೊಂದು ಮೂಲೆ. ಬಸು ಎಂದರೆ ಬಸವರಾಜ, ನಮ್ಮ ತರಗತಿಯ ಪ್ರಧಾನ ಚೂಟುಗಾರ. ಅವನ ಹೆಬ್ಬೆರಳು ಮತ್ತು ತೋರುಬೆರಳನ್ನು ದೇವರು ಬೇರೆ ಯಾವ ಕೆಲಸಕ್ಕೂ ಕೊಟ್ಟಂತೆ ಕಾಣುವುದಿಲ್ಲ.

ಮನುಷ್ಯ ಮೊತ್ತಮೊದಲು ಬಾಯಿ ತೆರೆದು ಆಡಿದ ಮಾತು ಪ್ರಾರ್ಥನೆಯೂ ಅಲ್ಲ, ಪ್ರೇಮವೂ ಅಲ್ಲ, ಪಕ್ಕದವನ ಮೇಲಿನ ಚಾಡಿಯೇ ಇರಬೇಕೆಂದು ನನಗೆ ಬಹಳ ದಿನಗಳಿಂದ ಗುಮಾನಿ. ಪಾಠ ಹೇಳೆಂದರೆ ಬಾಯಿಗೆ ಬೀಗ ಜಡಿಯುವ ಮಗು, ತನ್ನ ಪೆನ್ಸಿಲು ಕದ್ದವನ ಮೇಲೆ ಹೇಳುವಾಗ ಎಂಥ ವಾಗ್ಮಿಯಾಗುತ್ತದೆ! ಕಾಲ, ಸ್ಥಳ, ಸಾಕ್ಷಿ, ಹಿಂದಿನ ಅಪರಾಧಗಳ ಇತಿಹಾಸ, ಎಲ್ಲವೂ ಸಾಲಾಗಿ ಹರಿದುಬರುತ್ತವೆ. ಇಷ್ಟು ದೊಡ್ಡ ಶಕ್ತಿ ನನ್ನ ಕಣ್ಣೆದುರು ಪೋಲಾಗುತ್ತಿರುವಾಗ ನಾನು ಪಠ್ಯಪುಸ್ತಕದ ರಾಮ ಮಾವಿನಹಣ್ಣು ತಿಂದದ್ದನ್ನೇ ವರ್ಷಗಟ್ಟಲೆ ಬರೆಸುತ್ತ ಕುಳಿತಿದ್ದೆನಲ್ಲ ಎಂದು ಒಂದು ದಿನ ನನಗೇ ನಗು ಬಂತು. ಆ ನಗುವಿನ ಹಿಂದೆಯೇ ಒಂದು ಕಿಡಿಗೇಡಿ ಯೋಚನೆಯೂ ಬಂತು.

"ಇವತ್ತಿಂದ ದೂರು ಇಂಗ್ಲಿಷಿನ್ಯಾಗ ಮಾತ್ರ," ಎಂದು ಘೋಷಿಸಿದೆ. "ಯಾರು, ಏನ್ ಮಾಡಿದ್ರು, ಯಾರಿಗೆ ಮಾಡಿದ್ರು, ಪೂರ್ತಿ ವಾಕ್ಯ ಬೇಕು. ಪೂರ್ತಿ ವಾಕ್ಯ ತಂದ್ರ, ಯಾರ ಮ್ಯಾಲಿಂದೇ ಇರಲಿ, ವಿಚಾರಣೆ ಮಾಡ್ತೀನಿ. ಅರ್ಧಾ ತಂದ್ರ ಕೇಸ್ ವಜಾ."

ಬಸು ಬಹಳ ಕಾಳಜಿಯಿಂದ ಎದ್ದು ನಿಂತು, "ಅಳೂದು ಯಾವ ಭಾಷ್ಯಾಗ್ರೀ?" ಎಂದು ಕೇಳಿದ. ಅಳುವುದಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆಂದು ಉದಾರವಾಗಿ ಅಪ್ಪಣೆ ಕೊಟ್ಟೆ.

ಮೊದಲಿನ ಕೆಲವು ದಿನ ಇಡೀ ತರಗತಿ ಮಠದಂತಿತ್ತು. ಪೆಟ್ಟು ತಿಂದವರು ತುಟಿ ಅಲ್ಲಾಡಿಸುತ್ತ, ಬೆರಳು ಮಡಿಸುತ್ತ, ಗೋಡೆ ನೋಡುತ್ತ ವಾಕ್ಯ ಕಟ್ಟುತ್ತಿದ್ದರು. ವಾಕ್ಯ ಕೂಡಿಬರುವ ಹೊತ್ತಿಗೆ ಸಿಟ್ಟು ಇಳಿದು, ಹೊಡೆದವನ ಜೊತೆಗೇ ಗೋಲಿ ಆಡುತ್ತಿದ್ದರು. ತಪ್ಪು ಅವರದಲ್ಲ. ನಮ್ಮ ಕನ್ನಡ ಇಂಥ ವಿಷಯದಲ್ಲಿ ಮಹಾ ಧಾರಾಳಿ. "ಹೊಡದಾನ್ರೀ" ಎಂಬ ಒಂದೇ ಮಾತಿನಲ್ಲಿ ಹೊಡೆದವನು ಗಂಡೆಂಬುದು, ಹೊಡೆತ ಮುಗಿದುಹೋಗಿದೆಯೆಂಬುದು, ಕೇಳುವವರ ಮೇಲೆ ಗೌರವವಿದೆಯೆಂಬುದು, ಎಲ್ಲ ಅಡಗಿ ಕುಳಿತಿರುತ್ತವೆ. ಇನ್ನು ವಾಕ್ಯ ಉದ್ದವಾದರಂತೂ ಕ್ರಿಯಾಪದ ಮದುವೆಮನೆಗೆ ದೊಡ್ಡ ಬೀಗರು ಬಂದ ಹಾಗೆ ಎಲ್ಲರೂ ಕೂತಮೇಲೆ ಕಟ್ಟಕಡೆಗೆ ಬರುತ್ತದೆ. ಅಷ್ಟರಲ್ಲಿ ಆರೋಪಿಗೆ ನಾಲ್ಕು ಸುಳ್ಳು ಹೊಂಚಿಕೊಳ್ಳಲು ಬೇಕಾದಷ್ಟು ಪುರಸತ್ತು. ಇಂಗ್ಲಿಷಿನಲ್ಲಿ ಹಾಗಲ್ಲ. ಹೊಡೆದವನ ಹೆಸರು, ಹಿಂದೆಯೇ ಹೊಡೆತ. ಬಸುವಿಗೆ ಆ ಭಾಷೆಯ ಮೇಲೆ ಅಸಮಾಧಾನ ಹುಟ್ಟಿದ್ದು ಈ ಕಾರಣಕ್ಕೇ.

ಮೊದಲ ದೂರು ತಂದವಳು ಅಶ್ವಿನಿ. ಅವಳು ತರಗತಿಯ ವಕೀಲೆ, ತನ್ನ ಜಗಳ ಇಲ್ಲದಿದ್ದರೆ ಇನ್ನೊಬ್ಬರದನ್ನು ತೆಗೆದುಕೊಂಡು ಬರುವವಳು. ಸೊಂಟದ ಮೇಲೆ ಕೈಯಿಟ್ಟುಕೊಂಡು, "ಬಸು ಪಿಂಚ್ಡ್ ಮೀ ರೀ!" ಎಂದಳು. ಇಂಗ್ಲಿಷಿನಲ್ಲಿ ರೀ ಇಲ್ಲವೆಂದು ನಾನು ತಿದ್ದಹೋದರೆ, "ರೀ ಹಚ್ಚಲಿಲ್ಲಂದ್ರ ನಮ್ಮವ್ವ ಬೈತಾಳ್ರೀ," ಎಂದಳು. ಅದಕ್ಕೆ ಏನು ಹೇಳುತ್ತೀರಿ? ನ್ಯಾಯಾಲಯ ಯೋಚಿಸಿ, ರೀ ಎಂಬುದು ವ್ಯಾಕರಣದ ಹೊರಗಿನ ಮರ್ಯಾದೆಯೆಂದು ತೀರ್ಪಿತ್ತು ಅದನ್ನು ಮಾನ್ಯ ಮಾಡಿತು. ಬಸು ತನ್ನ ಪರವಾಗಿ ತಾನೇ ವಾದಿಸುತ್ತ, "ಐ ಡಿಡ್ ನಾಟ್ ಪಿಂಚ್. ಮೈ ಹ್ಯಾಂಡ್ ಪಿಂಚ್ಡ್," ಎಂದ. ಎರಡೂ ವಾಕ್ಯ ನಿರ್ದುಷ್ಟವಾಗಿದ್ದವು. ಅವನ ಕೈಗೆ ಮಾತ್ರ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟೆ, ಅದರ ಜೊತೆಗೆ ಅವನೂ ಹತ್ತಬೇಕಾಯಿತು.

ಆಮೇಲೆ ನೋಡಬೇಕಿತ್ತು ನೀವು! ಚಾಡಿಯ ಹಸಿವು ಒಂದು ಸಲ ಇಂಗ್ಲಿಷಿನ ರುಚಿ ಕಂಡಿತೋ ಇಲ್ಲವೋ, ಮಕ್ಕಳು ಬೆನ್ನು ಹತ್ತಿ ವ್ಯಾಕರಣ ಕೇಳತೊಡಗಿದರು. ಇಬ್ಬರೂ ಹೊಡೆದಾಗ ಯಾರ ಹೊಡೆತ ಮೊದಲಿನದು ಎಂದು ತೋರಿಸುವುದಕ್ಕೆಂದೇ ಇಂಗ್ಲಿಷರು ಭೂತಕಾಲದ ಹಿಂದೆ ಇನ್ನೊಂದು ಭೂತಕಾಲ ಇಟ್ಟಿದ್ದಾರೆಂದು ಹೇಳಿದ ದಿನ ತರಗತಿಯಲ್ಲಿ ಹಬ್ಬ. ದೊಡ್ಡ ಶಾಲೆಗಳ ಮಕ್ಕಳು ಬೆವರುವ ಆ ಪಾಠವನ್ನು ನಮ್ಮವರು ಒಂದೇ ಜಗಳದಲ್ಲಿ ಅರಗಿಸಿಕೊಂಡರು. ನಾನು ಹೆಮ್ಮೆಯಿಂದ ಉಬ್ಬಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ನನ್ನ ಪದ್ಧತಿಯನ್ನು ವಿವರಿಸುತ್ತಿದ್ದೆ. ಕೆಲವರು ಇಳಿಯಬೇಕಾದ ಸ್ಟಾಪಿಗೆ ಮುಂಚೆಯೇ ಇಳಿದು ಹೋದದ್ದೂ ಉಂಟು.

ಆದರೆ ಈ ನ್ಯಾಯಾಲಯಕ್ಕೆ ಎಂದೂ ಬಾರದವಳು ಒಬ್ಬಳಿದ್ದಳು. ರೇಷ್ಮಾ. ಅವಳ ತಂದೆ ಓಣಿಯ ತುದಿಯಲ್ಲಿ ಗ್ಯಾಸ್ ಒಲೆ ದುರಸ್ತಿ ಮಾಡುತ್ತಾರೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಎರಡರಲ್ಲೂ ಅವಳು ಚೂಟಿ. ಮೂರನೆಯದಾದ ನನ್ನ ಇಂಗ್ಲಿಷ್ ಮಾತ್ರ ಅವಳ ಗಂಟಲಲ್ಲೇ ಕುಳಿತುಬಿಡುತ್ತಿತ್ತು. ರಿಬ್ಬನ್ ಎಳೆದರೂ ಸುಮ್ಮನೆ, ಡಬ್ಬಿಯ ಉಪ್ಪಿನಕಾಯಿ ಹಾರಿಸಿದರೂ ಸುಮ್ಮನೆ. ಚೂಟಿದರೆ ಕೇಸ್ ಆಗುವುದಿಲ್ಲವೆಂದು ಗೊತ್ತಾದಮೇಲೆ ಬಸು ತನ್ನ ಕಸುಬನ್ನೆಲ್ಲ ಅವಳ ಮೇಲೆಯೇ ನಡೆಸುತ್ತಿದ್ದ. ನನಗದು ಕಾಣುತ್ತಿರಲಿಲ್ಲವೆಂದಲ್ಲ. ವಾಕ್ಯ ಕಲಿತಮೇಲೆ ತಾನೇ ಬರುತ್ತಾಳೆ ಬಿಡು ಎಂದುಕೊಂಡಿದ್ದೆ.

ದಿನದ ಕೊನೆಯ ಪಿರಿಯಡ್ಡು ಆಟದ್ದು. ದೂರುಗಳು ಹೆಚ್ಚಿ ವಿಚಾರಣೆಗೆ ವೇಳೆ ಸಾಲದಾದಾಗ, ಒಂದು ದಿನದ ಮಟ್ಟಿಗೆಂದು ಆ ಪಿರಿಯಡ್ಡನ್ನು ತೆಗೆದುಕೊಂಡೆ. ಮರುದಿನವೂ ತೆಗೆದುಕೊಂಡೆ. ಆಮೇಲೆ ಅದು ನನ್ನದೇ ಎಂಬಂತೆ ಸೀಮೆಸುಣ್ಣ ಹಿಡಿದು ನಿಲ್ಲತೊಡಗಿದೆ. ಆಟದ ಮಾಸ್ತರರು ಸಂಭಾವಿತರು. ಚಹಾದ ಅಂಗಡಿಯ ಕಡೆ ನಡೆಯುವ ಮೊದಲು ಒಮ್ಮೆ ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡರು.

"ಬಾಯಾರ, ಬರೂ ವಾರ ಖೋ-ಖೋ ಆಯ್ಕಿ ಐತ್ರಿ. ಆ ರೇಷ್ಮಾ ಅದಾಳಲ್ರಿ, ಹೆಂತಾ ಓಟ ಅಂತೀರಿ! ಪ್ರ್ಯಾಕ್ಟೀಸ್ ಇಲ್ಲಂದ್ರ ಕೈ ಬಿಡ್ತಾರ."

"ಮೊದ್ಲ ಆಕಿ ಇಂಗ್ಲಿಷ್ ಓಡಲಿ ತಡೀರಿ, ಸರ," ಎಂದೆ. ಮಾತು ಬಲು ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು. ಧಾರವಾಡದ ಕೊಬ್ಬು ಎಂದೆನಲ್ಲ, ಅದು ಇದೇ.

ಅದೇ ಸಂಜೆ ರೇಷ್ಮಾ ಪಡಸಾಲೆಯಲ್ಲಿ ನನಗೆ ಅಡ್ಡ ಬಂದಳು. "ಟೀಚರ್ ರೀ, ಆಟದ ಪಿರಿಯಡ್ ಯಾವಾಗ ಕೊಡ್ತೀರಿ? ಮನಿಗೆ ಹೋದ ಮ್ಯಾಲೆ ತಮ್ಮನ್ನ ನೋಡ್ಕೋಬೇಕ್ರಿ. ನನಗ ಓಡಾಕ ಇಲ್ಲೇ ಅಷ್ಟರಿ."

"ದೂರು ಇದ್ರ ಇಂಗ್ಲಿಷಿನ್ಯಾಗ ತಾ," ಎಂದು ನಗುತ್ತ ಹೇಳಿ ಬಸ್ಸಿಗೆ ಹೊರಟೆ. ನಗು ನನ್ನದು ಮಾತ್ರ.

ಮುಂದಿನ ದಿನಗಳಲ್ಲಿ ತರಗತಿಯಲ್ಲಿ ಏನೋ ಗುಸುಗುಸು ಶುರುವಾಯಿತು. ಬಸು ತನ್ನ ಜಾಗ ಬಿಟ್ಟು ರೇಷ್ಮಾಳ ಬೆಂಚಿಗೆ ಹೋಗಿ ಕುಳಿತಿರುತ್ತಿದ್ದ, ಕೈ ಎರಡೂ ಮೇಜಿನ ಮೇಲೆ, ಚೂಟದೆ! ಅಶ್ವಿನಿ ಅವಳ ಕಿವಿಯಲ್ಲಿ ಏನನ್ನೋ ಹೇಳಿ, ತಲೆಯಾಡಿಸಿ, ಮತ್ತೆ ಹೇಳುತ್ತಿದ್ದಳು. ನಾನು ಒಳಗೆ ಬಂದರೆ ಎಲ್ಲರೂ ಬಾಯಿ ಹೊಲಿದುಕೊಂಡು ಮೇಲೆ ಫ್ಯಾನು ನೋಡುತ್ತಿದ್ದರು. ಶಿಕ್ಷಕರ ದಿನಾಚರಣೆ ಹತ್ತಿರ ಬಂದಿತ್ತು. ಪಾಪ, ನನಗೆ ಸನ್ಮಾನ ಮಾಡಲಿಕ್ಕೆ ಎಷ್ಟು ಒದ್ದಾಡುತ್ತಿವೆ ಕೂಸುಗಳು ಎಂದು ಹೃದಯ ತುಂಬಿ ಬಂತು. ಆಕಸ್ಮಿಕವಾಗಿ ಸನ್ಮಾನವಾದರೆ ಸಿದ್ಧವಿರಲೆಂದು ಇಳಕಲ್ ಸೀರೆ ಉಟ್ಟು ಹೋಗತೊಡಗಿದೆ. ಆಶ್ಚರ್ಯಪಡುವ ಮುಖ ಹೇಗಿರಬೇಕೆಂದು ಕನ್ನಡಿಯ ಮುಂದೆ ನೋಡಿಕೊಂಡದ್ದನ್ನೂ ನಿಮಗೆ ಹೇಳಿಬಿಡುತ್ತೇನೆ, ನಕ್ಕರೆ ನಗಿರಿ.

ಆ ದಿನ ಕೊನೆಯ ಪಿರಿಯಡ್ಡಿಗೆ ನಾನು ಕುರ್ಚಿಯಲ್ಲಿ ಕೂತ ಕೂಡಲೇ ಅಶ್ವಿನಿ ಎದ್ದು, "ಟೀಚರ್ ರೀ, ಒಂದು ಕೇಸ್ ಐತ್ರಿ. ರೇಷ್ಮಾಂದು," ಎಂದಳು. ರೇಷ್ಮಾ ಎದ್ದು ನಿಂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

"ಬಾ ಬಾ, ಅಂತೂ ಬಂದಿ," ಎಂದು ನಾನು ಹಿಗ್ಗಿ, ಬಸುವಿನ ಕಡೆ ಕಣ್ಣು ಕೆಕ್ಕರಿಸಿ, "ಯಾರ ಮ್ಯಾಲೆ?" ಎಂದೆ.

"ನಿಮ್ಮ ಮ್ಯಾಲೇರಿ."

ಅಭ್ಯಾಸ ಮಾಡಿಟ್ಟುಕೊಂಡಿದ್ದ ಆಶ್ಚರ್ಯದ ಮುಖ ಯಾವ ಉಪಯೋಗಕ್ಕೂ ಬರಲಿಲ್ಲ. ಬೇರೆಯೇ ಒಂದು ತಾನಾಗಿ ಬಂತು. ರೇಷ್ಮಾ ಕಣ್ಣು ಮುಚ್ಚಿಕೊಂಡು, ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೊಂದೇ ಪದ ಇಟ್ಟಳು: "ಟೀಚರ್ ಟೇಕ್ಸ್ ಅವರ್ ಗೇಮ್ಸ್ ಪಿರಿಯಡ್ ಎವ್ರಿ ಡೇ." ಅವಳ ಜೊತೆಗೆ ಇಡೀ ತರಗತಿಯ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಬಸುವಿನ ಹಣೆಯ ಮೇಲಂತೂ ಬೆವರು.

ನಾನು ತಪ್ಪು ಹುಡುಕಿದೆ. ಇಷ್ಟು ವರ್ಷ ಮೇಷ್ಟರಿಕೆ ಮಾಡಿದವಳು, ಹುಡುಕಿದರೆ ಸಿಗದೇ ಇರುತ್ತದೆಯೇ? ಕರ್ತೃ ಇತ್ತು, ಅದು ನಾನೇ. ಕ್ರಿಯಾಪದ ಇತ್ತು. ನಾನು ಗಂಟಲು ಹರಿದುಕೊಂಡರೂ ಯಾರೂ ಹಚ್ಚದ ಆ ಸಕಾರ ಕೂಡ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ನನ್ನನ್ನೇ ನೋಡುತ್ತಿತ್ತು. ಕಡೆಗೆ, "ರೀ ಎಲ್ಲಿ ಹೋತು?" ಎಂದೆ. "ರೀ!" ಎಂದಿತು ಇಡೀ ತರಗತಿ ಒಂದೇ ದನಿಯಲ್ಲಿ. ಸಿಟ್ಟು ಬಂದದ್ದು ಖರೆ. ಎಲ್ಲರೂ ಕೂಡಿ ಒಬ್ಬಳಿಗೆ ಹೇಳಿಕೊಟ್ಟು ನನ್ನನ್ನು ಕಟಕಟೆಗೆ ಹತ್ತಿಸಿದ್ದರಲ್ಲ! ದೊಡ್ಡ ನ್ಯಾಯಾಲಯಗಳ ಜಾಣತನ ನೆನಪಾಗಿ, "ಆತು, ತೀರ್ಪು ಪರೀಕ್ಷೆ ಮುಗಿದ ಮ್ಯಾಲೆ," ಎಂದು ಸೀಮೆಸುಣ್ಣ ಎತ್ತಿಕೊಂಡೆ.

ತರಗತಿಯ ಮುಖಗಳು ಇಳಿದವು. ಅವರು ಹೇಳಿಕೊಟ್ಟದ್ದು ಅಷ್ಟೇ, ಅದು ಮುಗಿದಿತ್ತು. ಆದರೆ ರೇಷ್ಮಾ ಕುಳಿತುಕೊಳ್ಳಲಿಲ್ಲ. ಕಣ್ಣು ತೆರೆದು ನನ್ನನ್ನೇ ನೋಡುತ್ತ, "ಐ ವಾಂಟ್ ಟು ರನ್," ಎಂದಳು.

ಎಲ್ಲರೂ ಗಕ್ಕನೆ ಅವಳ ಕಡೆ ತಿರುಗಿದರು. ಬಸು ಬಾಯಿ ತೆರೆದುಕೊಂಡು ಅಶ್ವಿನಿಯನ್ನು ನೋಡಿದ, ಅಶ್ವಿನಿ ತಾನಲ್ಲವೆಂದು ತಲೆಯಾಡಿಸಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಅವಳೇ ಕಟ್ಟಿದ್ದಳು.

"ಅದು ದೂರು ಅಲ್ಲವ್ವಾ," ಎಂದೆ, ನನ್ನ ದನಿ ಅಷ್ಟೊತ್ತಿಗೆ ಸಣ್ಣದಾಗಿತ್ತು. "ಯಾರು ಏನ್ ಮಾಡಿದ್ರು ಅಂತ ಹೇಳಬೇಕು."

ದಡ್ಡ ಮಕ್ಕಳಿಗೆ ನಾನು ಹೇಳುತ್ತೇನಲ್ಲ, ಹಾಗೆ ಅವಳು ಬಿಡಿಸಿ ಬಿಡಿಸಿ, "ಐ. ವಾಂಟ್. ಟು. ರನ್," ಎಂದಳು.

ನನಗೆ ಬಹಳ ನಾಚಿಕೆಯಾಯಿತು, ಗೆಳೆಯರೇ. ಅದರ ಬೆನ್ನಿಗೇ ಎದೆ ತುಂಬುವಷ್ಟು ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ. ಚಾಡಿಯಿಲ್ಲದೆ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಹೊರಡುವುದಿಲ್ಲ ಎಂಬ ನನ್ನ ದೊಡ್ಡ ಸಿದ್ಧಾಂತವನ್ನು ಅವಳು ನಾಲ್ಕೇ ಪದಗಳಲ್ಲಿ ಮಡಿಚಿ ನನ್ನ ಕೈಗೆ ಕೊಟ್ಟಿದ್ದಳು.

"ಹೋಗ್ರಿ," ಎಂದೆ.

"ಎಲ್ಲಿಗ್ರೀ?" ಎಂದಳು ಅಶ್ವಿನಿ, ನಂಬಿಕೆಯಿಲ್ಲದೆ.

"ಗ್ರೌಂಡಿಗೆ. ಲಗೂ ಹೋಗ್ರಿ, ನನ್ನ ಮನಸ್ಸು ಬದಲಾಗೂದ್ರೊಳಗ."

ಬೆಂಚುಗಳು ಉರುಳದೇ ಉಳಿದದ್ದು ಪುಣ್ಯ. ಆಟದ ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಓಡಿಬಂದು, "ಬಾಯಾರ, ನಿಮ್ಮ ಕ್ಲಾಸ್ ಹೊರಗ ಬಂದೈತಲ್ರಿ!" ಎಂದರು. "ನನ್ನದಲ್ರಿ, ನಿಮ್ಮದು. ಸೀಟಿ ಊದ್ರಿ," ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ.

ಆ ಹುಡುಗಿಯ ವಾಕ್ಯ ಕುಂಟುವುದನ್ನು ಇಷ್ಟು ದಿನ ನೋಡಿದ್ದೆ, ಅವಳು ಓಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಏನು ಓಟ ಅದು! ಸಾಲಾಗಿ ಕುಳಿತವರ ನಡುವೆ ನುಸುಳಿ, ಕಂಬದ ಹತ್ತಿರ ಸರ್ರನೆ ತಿರುಗಿ, ಬೆನ್ನಟ್ಟಿದ ಬಸುವಿನ ಕೈಗೆ ದುಪಟ್ಟಾದ ಗಾಳಿ ಮಾತ್ರ ಸಿಗುವ ಹಾಗೆ ತಪ್ಪಿಸಿಕೊಂಡು ಹೋಗುತ್ತಿದ್ದಳು. ಅವನು ಒಂದು ಸುತ್ತು, ಎರಡು ಸುತ್ತು ಓಡಿ, ಕಡೆಗೆ ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತ, ಕಿಟಕಿಯಲ್ಲಿ ನಿಂತ ನನ್ನನ್ನು ಕಂಡು ಕೂಗಿದ: "ಟೀಚರ್! ರೇಷ್ಮಾ ಈಸ್ ನಾಟ್ ಸ್ಟಾಪಿಂಗ್ ರೀ!"

ಪೂರ್ತಿ ವಾಕ್ಯ, ಒಂದೂ ತಪ್ಪಿರಲಿಲ್ಲ.

"ಕೇಸ್ ವಜಾ!" ಎಂದು ನಾನು ಕಿಟಕಿಯಿಂದಲೇ ಕೂಗಿದೆ.