ಹೆಬ್ಬೆರಳಿನ ಕೆಳಗಿನ ದನಿ

ವಿಯೆಟ್ನಾಮಿನ ಹೈಫಾಂಗ್ ಊರಿನಲ್ಲಿ ಕಲ್ಮೇಶನನ್ನು ಮಕ್ಕಳು ‘ಟೀಚರ್ ಕಾಲ್’ ಎನ್ನುತ್ತಾರೆ. ಹುಟ್ಟೂರು ಅನಗೋಳದ ಓಣಿಯಲ್ಲಿ ‘ಫಾರಿನ್ ಕಲ್ಮ್ಯಾ’ ಎನ್ನುತ್ತಾರೆ. ಎರಡೂ ಹೆಸರು ತನ್ನ ಅಳತೆಗೆ ದೊಡ್ಡವು ಎಂಬುದು ಅವನಿಗೆ ಮಾತ್ರ ಗೊತ್ತು.

ಅಲ್ಲಿ ಅವನದು ಒಂದು ಖಾಸಗಿ ಕೇಂದ್ರದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ. ಇರುವುದು ಮೂರನೇ ಮಹಡಿಯ ಒಂದು ಕೋಣೆ, ಓಡಾಡಲು ಬಾಡಿಗೆ ಸ್ಕೂಟರು, ಬೆಳಗಿನ ಹೊಟ್ಟೆಗೆ ಬೀದಿಬದಿಯ ಶ್ಯಾವಿಗೆ ಸಾರು. ಸಾರಿನಲ್ಲಿ ಏನು ಹಾಕಿದ್ದಾರೆಂದು ಕೇಳುವಷ್ಟು ಭಾಷೆ ಮೊದಮೊದಲು ಬರುತ್ತಿರಲಿಲ್ಲ. ಭಾಷೆ ಬಂದ ಮೇಲೆ ಕೇಳುವ ಧೈರ್ಯ ಬರಲಿಲ್ಲ. ಬಿಳಿ ಮುಖದ ಟೀಚರೇ ಬೇಕೆನ್ನುವ ಪಾಲಕರು ಮೊದಲ ದಿನ ಅವನನ್ನು ನೋಡಿ, ಎಸಿ ರಿಪೇರಿಗೆ ಬಂದವನೆಂದುಕೊಂಡು ದಾರಿ ಬಿಟ್ಟಿದ್ದರು.

ಅವನನ್ನು ಅಲ್ಲಿ ಉಳಿಸಿದ್ದು ಸಂತೆ ಆಟ. ಟೀಚರು ದಡ್ಡ ವ್ಯಾಪಾರಿಯಾಗಿ ಉಳ್ಳಾಗಡ್ಡಿ ಹಿಡಿದು ‘ಆಪಲ್’ ಎಂದು ಕೂಗಬೇಕು, ಮಕ್ಕಳು ಬೈದು ತಿದ್ದಬೇಕು, ಚೌಕಾಸಿ ಮಾಡಬೇಕು. ಬಾಯಿ ಬಿಡದ ಮಕ್ಕಳೂ ಬೈಯುವುದಕ್ಕಾಗಿ ಇಂಗ್ಲಿಷ್ ಕಲಿತವು. ಕೇಂದ್ರದ ಮುಖ್ಯಸ್ಥೆ ಮೇಡಂ ಹಾನ್ ಅದಕ್ಕೆ ‘ಕಾಲ್ ಮಾರ್ಕೆಟ್’ ಎಂದು ಹೆಸರಿಟ್ಟು ಗೋಡೆಗೆ ಬೋರ್ಡು ಹಾಕಿಸಿದಳು.

ಆಟ ಅವನದಾಗಿರಲಿಲ್ಲ. ಖಾನಾಪುರದ ಶಾಲೆಯಲ್ಲಿ ಜೊತೆಗೆ ಕೆಲಸ ಮಾಡಿದ ಪ್ರಮಿಳಾ ಟೀಚರದು. ನಂದಗಡದ ಕುರಿಗಾರರ ಮನೆಯ ಮಗಳಾದ ಆಕೆ ತಮ್ಮೂರ ಸಂತೆಯನ್ನೇ ಎತ್ತಿ ತಂದು ತರಗತಿಯಲ್ಲಿ ಕೂರಿಸಿದ್ದಳು. ಕಲ್ಮೇಶನ ಇಂಗ್ಲಿಷಿನಲ್ಲಿ ಅರ್ಧದಷ್ಟು, ಊಟದ ಬಿಡುವಿನಲ್ಲಿ ಆಕೆ ತಿದ್ದಿದ್ದು. ಉಳಿದರ್ಧ ಇನ್ನೂ ತಿದ್ದುವುದಿತ್ತು.

ಈ ಸಲ ಅವನು ರಜೆಗೆ ಬಂದಾಗ ಮೇಡಂ ಹಾನ್ ಸಂದೇಶ ಕಳಿಸಿದಳು: ಒಂದು ಜಾಗ ಖಾಲಿ ಇದೆ, ನಿಮ್ಮ ಕಡೆಯ ಒಳ್ಳೆಯ ಟೀಚರ್ ಇದ್ದರೆ ಪಾಠದ ವಿಡಿಯೋ ಕಳಿಸು. ಅವನು ದೊಡ್ಡ ಮನಸ್ಸಿನಿಂದಲೇ ಖಾನಾಪುರಕ್ಕೆ ಹೋದ. ದೊಡ್ಡ ಮನಸ್ಸು ತರಗತಿಯ ಬಾಗಿಲವರೆಗೆ ಗಟ್ಟಿಯಾಗಿತ್ತು. ಫೋನ್ ಹಿಡಿದು ನಿಂತಾಗ ಪ್ರಮಿಳಾ ಉಳ್ಳಾಗಡ್ಡಿ ಎತ್ತಿದಳು. ಮಕ್ಕಳು ಮುಗಿಬಿದ್ದರು. ಇದನ್ನು ಮೇಡಂ ಹಾನ್ ನೋಡಿದರೆ ಗೋಡೆಯ ಬೋರ್ಡಿನ ಗತಿ ಏನು ಎಂದು ಕಲ್ಮೇಶನಿಗೆ ಹೊಳೆಯಿತು. ಅವನ ಹೆಬ್ಬೆರಳು ಫೋನಿನ ಮೈಕಿನ ಮೇಲೆ ಸರಿದು ಅಲ್ಲೇ ಕುಳಿತುಕೊಂಡಿತು.

ಉತ್ತರ ಮರುದಿನವೇ ಬಂತು. ಮಕ್ಕಳೇನೋ ಖುಷಿಯಾಗಿದ್ದಾರೆ, ಅವರ ಗದ್ದಲ ಅಷ್ಟಿಷ್ಟು ಕೇಳುತ್ತದೆ, ಆದರೆ ಟೀಚರ್ ದನಿಯೇ ಕೇಳುವುದಿಲ್ಲ, ಬೇಡ.

ಅದನ್ನು ಹೇಳಿದಾಗ ಪ್ರಮಿಳಾ ಕೇಳಿದಳು: “ನನ್ನ ದನಿ ಸಣ್ಣದ ಅದ ಏನ್ರಿ ಸರ? ಇಷ್ಟ ವರ್ಷ ಹಿಂದಿನ ಬೆಂಚಿಗೆ ಏನೂ ಕೇಳಿಸಿಲ್ಲೇನು ಹಂಗಾರ?”

“ಹಂಗೇನಿಲ್ರಿ,” ಎಂದ ಕಲ್ಮೇಶ. ಫೋನನ್ನು ಜೇಬಿಗೆ ತುರುಕಿಕೊಂಡ.

ಒಂದು ವಾರ ಬಿಟ್ಟು ಶಾಲೆಯ ಕಡೆ ಹೋದರೆ ಹೊರಗಿನ ರಸ್ತೆಗೇ ಆಕೆಯ ಕೂಗು ಕೇಳಿಸಿತು. ಒಳಗೆ ಸಂತೆ ಇರಲಿಲ್ಲ. ಪ್ರಮಿಳಾ ಪುಸ್ತಕ ಹಿಡಿದು ಒಂದೊಂದೇ ಶಬ್ದ ಕಿರುಚುತ್ತಿದ್ದಳು, ಮಕ್ಕಳು ಬೆಂಚಿಗೆ ಅಂಟಿಕೊಂಡು ಕುಳಿತಿದ್ದವು. ಹೊರಗೆ ಬಂದಾಗ ಆಕೆಯ ಗಂಟಲು ಒಡೆದ ಹಾಗಿತ್ತು. “ರೂಢಿ ಮಾಡಾಕತ್ತೀನ್ರಿ. ಆಟದಾಗ ದನಿ ಏಳೂದಿಲ್ಲ ನಂದು.”

ಕಲ್ಮೇಶ ತಾನು ಕಸಿದದ್ದು ನೌಕರಿ ಮಾತ್ರ ಎಂದುಕೊಂಡಿದ್ದ; ಆಟವೂ ಹೋಗಿತ್ತು.

“ನನ್ನ ಫೋನಿನ ಮೈಕ ಕೆಟ್ಟಿತ್ರಿ ಟೀಚರ. ರಿಪೇರಿ ಮಾಡಿಸೀನಿ. ಗಂಟಲ ಆರಾಮಾದ ಮ್ಯಾಲ ಮತ್ತೊಮ್ಮೆ ವಿಡಿಯೋ ತಗಿಯೂಣು, ಸಂತಿ ಆಟದ್ದ,” ಎಂದ. ಅರ್ಧ ಸತ್ಯ ಹೇಳಲು ಹೊರಟವನು ಪೂರ್ತಿ ಸುಳ್ಳೇ ಹೇಳಿದ್ದ. ಎರಡನೇ ಸಲ ಫೋನನ್ನು ಕಿಟಕಿಯಲ್ಲಿ ನಿಲ್ಲಿಸಿ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡ.

ಪ್ರಮಿಳಾಗೆ ಕೆಲಸವಾಯಿತು. ಜೊತೆಗೆ ಮೇಡಂ ಹಾನ್ ಅವನಿಗೂ ಒಂದು ಸಾಲು ಬರೆದಿದ್ದಳು: ನಿನ್ನ ಮಾರ್ಕೆಟನ್ನು ಆಕೆಗೆ ಎಷ್ಟು ಚೆನ್ನಾಗಿ ಕಲಿಸಿದ್ದೀಯ. ಕಲ್ಮೇಶ ‘ಥ್ಯಾಂಕ್ಯೂ’ ಎಂದು ಬರೆದು ಕಳಿಸಿಬಿಟ್ಟ. ಕಳಿಸಿದ ಮೇಲೆ ‘ನಿನ್ನ ಮಾರ್ಕೆಟ್’ ಎಂಬುದನ್ನು ನೋಡಿದ.

ಪ್ರಮಿಳಾಳ ಅಪ್ಪ ಹಣಮಪ್ಪ ಅವನನ್ನು ನಂದಗಡಕ್ಕೆ ಊಟಕ್ಕೆ ಕರೆದರು. ಪಡಸಾಲೆಯ ನಡುವೆ ಕರಿ ಕಂಬಳಿ ಹಾಸಿತ್ತು. ಆ ಮನೆಯಲ್ಲಿ ಕಂಬಳಿ ಹಾಸುವುದು ದೇವರ ಕೆಲಸಕ್ಕೆ, ಮದುವೆ ಮಾತಿಗೆ, ಪಂಚರು ನ್ಯಾಯ ಹೇಳಲು ಕೂತಾಗ.

“ಬರ್ರಿ ಸರ, ಮ್ಯಾಲ ಕುಂದರ್ರಿ,” ಎಂದರು ಹಣಮಪ್ಪ.

“ನಾ ಇಲ್ಲೇ ಕುಂದರ್ತೀನ್ರಿ.”

“ಹೊರದೇಶದಾಗ ಕುರ್ಚಿ ರೂಢಿ ಆಗೈತೇನ? ನಮ್ಮ ಕಂಬಳಿ ಚುಚ್ಚೂದಿಲ್ರಿ. ಮಗಳಿಗೆ ದಾರಿ ಮಾಡಿ ಕೊಟ್ಟಾವ್ರು ನೀವು. ಇದರ ಮ್ಯಾಲ ನೀವಲ್ದ ಯಾರ ಕುಂದರಬೇಕ್ರಿ?”

ಕಲ್ಮೇಶ ಒಂದು ಕಾಲು ಮುಂದಿಟ್ಟು ಹಿಂದಕ್ಕೆ ಎಳೆದುಕೊಂಡ. ಒಳಬಾಗಿಲಲ್ಲಿ ಪ್ರಮಿಳಾ ನಗುತ್ತ ನಿಂತಿದ್ದಳು.

“ಟೀಚರ, ಮೈಕ ಕೆಟ್ಟಿರಲಿಲ್ರಿ,” ಎಂದ ಅವನು. “ನಾನ ಹೆಬ್ಬೆರಳ ಇಟ್ಟಿದ್ದೆ.”

“ತಪ್ಪಿ ಇಟ್ಟಿದ್ರಿ?”

“ಇಲ್ರಿ. ಸಂತಿ ಆಟ ನಂದ ಅಂತ ಅಲ್ಲಿ ಹೇಳ್ಕೊಂಡ ಅನ್ನ ತಿನ್ನಾಕತ್ತೀನಿ. ನೀವು ಬಂದ್ರ…”

ಪ್ರಮಿಳಾಳ ಮುಖದಿಂದ ನಗು ಇಳಿಯಿತು. ಕೈ ತಾನಾಗಿ ಗಂಟಲ ಮೇಲೆ ಹೋಯಿತು. ಹಣಮಪ್ಪ ಏನೂ ತಿಳಿಯದೆ ಒಮ್ಮೆ ಇವನನ್ನು, ಒಮ್ಮೆ ಮಗಳನ್ನು ನೋಡಿದರು.

“ಅಲ್ಲಿ ಹೋದ ದಿನಾನ ಆಟ ಯಾರದಂತ ಮೇಡಮ್ಮಗ ನೀವ ಹೇಳಬೇಕು. ನಾ ಹೇಳೂದಿಲ್ಲ,” ಎಂದಳು. ತರಗತಿಯ ಮಾತಿನಷ್ಟೇ ಸ್ಪಷ್ಟವಾಗಿತ್ತು ದನಿ.

“ಹೇಳ್ತೀನ್ರಿ.”

“ಅಪ್ಪಾ, ಕಂಬಳಿ ಮಡಚಿ ಇಡು. ಸರಗ ಚಾಪಿ ಹಾಸು. ಅವ್ವಾ, ತಾಟ ಹಚ್ಚು.”

ಹಣಮಪ್ಪ ಯಾಕೆಂದು ಕೇಳದೆ ಕಂಬಳಿ ಮಡಚಿ ಚಾಪೆ ಹಾಸಿದರು. ಕಲ್ಮೇಶ ಚಾಪೆಯ ಮೇಲೆ ಕುಳಿತ. ಪ್ರಮಿಳಾಳ ಅವ್ವ ಕಾಡವ್ವ ರೊಟ್ಟಿ ತಂದು ಬಡಿಸಿದಳು, ಅವನು ತಲೆ ಎತ್ತದೆ ಉಂಡ.