ಯಿಶುನ್‌ನಲ್ಲಿ ಅಪ್ಪನ ಪಾಲಿನ ಕೇಕ್

ಹೊಸ ವರ್ಷದ ದಿನ ಮಧ್ಯಾಹ್ನ ಚೋವಾ ಚು ಕಾಂಗ್‌ನ ನಮ್ಮ ಮನೆಯಿಂದ ಯಿಶುನ್‌ನಲ್ಲಿರುವ ಗೆಳತಿಯ ಮನೆಗೆ ಹೊರಟೆ. ಬೆಳಗಿನಿಂದ ಒಂದೇ ಸಮನೆ ಮಳೆ. ಕ್ಯಾಬ್ ಬುಕ್ ಮಾಡ್ಲಾ ಎಂದು ಗಂಡ ಕೇಳಿದರೂ ಎಂಆರ್‌ಟಿಯನ್ನೇ ಹಿಡಿದೆ. ಎರಡು ಡಾಲರಿಗೂ ಕಡಿಮೆಯಲ್ಲಿ, ಅರ್ಧ ಗಂಟೆಯೊಳಗೆ ತಲುಪಿಸುವ ರೈಲಿರುವಾಗ ಕ್ಯಾಬಿಗೆ ದುಡ್ಡು ಸುರಿಯಲು ನನಗೇನು ಹುಚ್ಚೇ? ಕ್ರಾಂಜಿ ಸ್ಟೇಷನ್ನಿನ ಹತ್ತಿರ ಕಿಟಕಿಯಾಚೆ ಒಂದಿಷ್ಟು ಹಸಿರು, ಆಮೇಲೆ ಮತ್ತೆ ಸಾಲು ಸಾಲು ಫ್ಲ್ಯಾಟುಗಳು.

ಕರೆದವಳು ನನ್ನ ಆಫೀಸಿನ ಎಲೆನಿ. ಗ್ರೀಕ್ ಮನೆತನದವಳು, ಆದರೆ ಹುಟ್ಟಿ ಬೆಳೆದದ್ದು ಮೆಲ್ಬರ್ನ್‌ನಲ್ಲಿ. ಅಪ್ಪನಿಗೆ ಅಲ್ಲಿ ಮೀನು ಕರಿದು ಮಾರುವ ಅಂಗಡಿ. ಶನಿವಾರ ಗ್ರೀಕ್ ಪಾಠ, ಭಾನುವಾರ ಚರ್ಚು, ಅದರ ಹಾಲ್‌ನಲ್ಲಿ ತಮ್ಮವರದೇ ಊಟ, ತಮ್ಮವರದೇ ಜಗಳ. ಸಣ್ಣವಳಿದ್ದಾಗ ಅವಳಿಗೆ ಇದೆಲ್ಲ ನಾಚಿಕೆ. ಬಸ್ ಸ್ಟಾಪಿನಲ್ಲಿ ಅಪ್ಪ ಗ್ರೀಕ್‌ನಲ್ಲಿ ಮಾತಾಡಿದರೆ ಇವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳಂತೆ. ಅದೇ ರೂಢಿ ಕೊನೆಯ ಫೋನಿನವರೆಗೂ ನಡೆಯಿತು. ಐದು ತಿಂಗಳ ಹಿಂದೆ ಅವರು ತೀರಿಕೊಂಡರು. ನನ್ನ ಮಗಳೂ ನನ್ನ ತುಳುವಿಗೆ ಇಲ್ಲಿನವರ ಇಂಗ್ಲಿಷಿನಲ್ಲಿ ‘ಓಕೆ ಲಾ’ ಎನ್ನುವವಳೇ.

ಗ್ರೀಕರ ಹೊಸ ವರ್ಷದ ಕೇಕಿಗೆ ಒಂದು ಕ್ರಮವಿದೆ. ಮೊದಲ ತುಂಡು ದೇವರಿಗೆ, ಎರಡನೆಯದು ಮನೆಗೆ, ಆಮೇಲೆ ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರ ಹೆಸರು ಹೇಳಿ ಕತ್ತರಿಸಬೇಕು. ಎಲೆನಿ ರೂಢಿಯ ಮೇಲೆ ‘ಅಪ್ಪನಿಗೆ’ ಎಂದು ಕತ್ತರಿಸಿಯೇಬಿಟ್ಟಳು. ಚಾಕು ಅಲ್ಲೇ ನಿಂತಿತು. ಅವಳ ಗಂಡ ಆ ತುಂಡನ್ನು ಮೆಲ್ಲಗೆ ಕೇಕಿಗೇ ಮತ್ತೆ ಜೋಡಿಸಲು ನೋಡಿದ.

ಸುಮ್ಮನಿರುವ ಜಾಯಮಾನ ನನ್ನದಲ್ಲ. ನಮ್ಮ ತುಳುವರಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತೇವೆ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ ಎಂದೆ. ಅಧಿಕಪ್ರಸಂಗವಾಯಿತೇನೋ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡೆ. ಎಲೆನಿ ಆ ತುಂಡನ್ನು ತಟ್ಟೆಗೆ ಹಾಕಿ ಎತ್ತಿಕೊಂಡು ಹೋಗಿ ಒಳಕೋಣೆಯ ಮೇಜಿನ ಮೇಲಿಟ್ಟಳು.

“ಯಾವ ಭಾಷೇಲಿ ಕರೀಬೇಕು?” ಎಂದು ನನ್ನನ್ನು ಕೇಳಿದಳು.

“ಅವ್ರ ಭಾಷೇಲೇ,” ಎಂದೆ.

ತಡವರಿಸುತ್ತ ಗ್ರೀಕ್‌ನಲ್ಲಿ ಏನೋ ಹೇಳಿದಳು. ನಡುವೆ ಪದ ಸಿಗದೆ ನಿಂತಳು, ಆದರೂ ಇಂಗ್ಲಿಷಿಗೆ ಹೊರಳಲಿಲ್ಲ. ಹೊರಗೆ ಬಂದು ಬಾಗಿಲು ಮುಚ್ಚಿ, ಅದಕ್ಕೇ ಒರಗಿ ಅತ್ತಳು. ನಾನೂ ಅತ್ತೆ.

ಕಾಫಿ ಮುಗಿದು, ನಾನು ಹೊರಟು ಚಪ್ಪಲಿ ಮೆಟ್ಟುವಾಗಲೂ ಆ ಬಾಗಿಲು ಮುಚ್ಚಿಯೇ ಇತ್ತು. ನಮ್ಮಲ್ಲಿ ಸ್ವಲ್ಪ ಹೊತ್ತಿಗೆಲ್ಲ ತೆಗೆಯುತ್ತೇವೆ ಎಂದು ನೆನಪಿಸಿದೆ.

“ಇರ್ಲಿ,” ಅಂದಳು ಎಲೆನಿ. “ಅಪ್ಪ ನಿಧಾನವಾಗಿ ತಿನ್ನೋರು.”